ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಅಪ್ಪಂದಿರು

ಈ ಸಲ ಬಂದ ಕಾಗದ, ವಾಟ್ಸ್‌ಆ್ಯಪ್ ಎಲ್ಲ ಹರಡಿಕೊಂಡು ಕೂತಾಗ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವಾಗ ಏನೋ ಆಗಿಬಿಟ್ಟಿದೆ. ಬಿದ್ದಿದ್ದಾರೆ, ಸೂಜಿ ಚುಚ್ಚಿದೆ, ಔಷಧಿ ಅದಲು ಬದಲಾಗಿದೆ. ಮನೆಯವರೂ ಬರೆದಿದ್ದಾರೆ, ಕೆಲಸಕ್ಕೆ ಹೋಗುವ ಹುಡುಗಿಯರೂ ಬರೆದಿದ್ದಾರೆ. ಹಾಗಾಗಿ ಸಕ್ಕರೆ ಕಾಯಿಲೆಯ ಊಟ, ಮಂಡಿ ನೋವು ಎಲ್ಲ ಮುಂದಿನ ತಿಂಗಳಿಗೆ.

ಹೊಸ ಓದುಗರಿಗೆ ಒಂದು ಮಾತು. ನಾನು 21 ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಆಮೇಲೆ 11 ವರ್ಷ ಮೈಸೂರಿನಲ್ಲಿ ಮನೆ ಮನೆಗೆ ಹೋಗಿ ರೋಗಿಗಳನ್ನು ನೋಡಿಕೊಂಡವಳು. ಎಷ್ಟೋ ಜನರನ್ನು ನೆಲದಿಂದ ಎತ್ತಿದ್ದೇನೆ. ನನ್ನ ಕೈಯಿಂದಲೇ ಒಬ್ಬರು ಬಿದ್ದೂ ಇದ್ದಾರೆ. ಅದನ್ನೂ ಹೇಳುತ್ತೇನೆ.

ಪ್ರಶ್ನೆ: ಸಿಸ್ಟರ್, ನಾನು ಬೆಂಗಳೂರಿನಲ್ಲಿದ್ದೇನೆ. ಅಪ್ಪ ಅಮ್ಮ ಹಾಸನದಲ್ಲಿ. ಅಪ್ಪನಿಗೆ 79. ಏಜೆನ್ಸಿಯಿಂದ ಒಬ್ಬಳು ಹೋಮ್ ನರ್ಸ್ ಹಗಲು ರಾತ್ರಿ ಮನೆಯಲ್ಲೇ ಇದ್ದಳು. ಮಂಗಳವಾರ ಬೆಳಗಿನ ಜಾವ ಅಪ್ಪ ಬಚ್ಚಲು ಬಾಗಿಲಲ್ಲಿ ಬಿದ್ದಿದ್ದಾರೆ. ನನಗೆ ಗೊತ್ತಾಗಿದ್ದು ಗುರುವಾರ ಸಂಜೆ, ಅದೂ ಅಮ್ಮ ಫೋನಿನಲ್ಲಿ ಬಾಯಿ ತಪ್ಪಿ ಹೇಳಿದ್ದರಿಂದ. ಎಕ್ಸ್‌ರೇ ತೆಗೆಸಿದರೆ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆ. ಅವಳನ್ನು ಅವತ್ತೇ ಕಳಿಸಿಬಿಟ್ಟೆ. ಈಗ ಅಪ್ಪ ನನ್ನ ಜೊತೆ ಮಾತೇ ಆಡುತ್ತಿಲ್ಲ. ಏಜೆನ್ಸಿ ಮೇಲೆ ಕೇಸ್ ಹಾಕಬಹುದಾ?
— ಹೆಸರು ಬೇಡ, ಬೆಂಗಳೂರು

ಉತ್ತರ: ಕೇಸಿನ ವಿಷಯ ಕೊನೆಗೆ ಬರೋಣ. ಅಪ್ಪ ಯಾಕೆ ಮಾತಾಡುತ್ತಿಲ್ಲ ಅಂತ ಅಪ್ಪನನ್ನೇ ಕೇಳಿದ್ದೀರಾ?

ನನ್ನ ಊಹೆ ಹೇಳಲಾ? 'ಮಗನಿಗೆ ಹೇಳಬೇಡಮ್ಮ' ಅಂದವರು ಅಪ್ಪನೇ ಇರಬೇಕು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆ ಗಂಡಸರಿಗೆ 75 ದಾಟಿದ ಮೇಲೆ ಇನ್ನೂ ಜಾಸ್ತಿ ಒಪ್ಪುತ್ತದೆ. ಬಿದ್ದದ್ದು ಗೊತ್ತಾದರೆ ಮಗ ಬೆಂಗಳೂರಿಗೆ ಎಳೆದುಕೊಂಡು ಹೋಗುತ್ತಾನೆ, ಬೆಳಗಿನ ವಾಕಿಂಗ್ ನಿಲ್ಲಿಸುತ್ತಾನೆ, ಬಚ್ಚಲಿಗೂ ಯಾರನ್ನೋ ಜೊತೆಗೆ ಕಳಿಸುತ್ತಾನೆ. ಆ ಹೆದರಿಕೆ ಮೂಳೆ ನೋವಿಗಿಂತ ದೊಡ್ಡದು. ಆ ಹುಡುಗಿ ಅಡಕತ್ತರಿಯಲ್ಲಿ ಸಿಕ್ಕಿಕೊಂಡಳು. ಯಜಮಾನರು ಬೇಡ ಅನ್ನುತ್ತಾರೆ, ಹೇಳಿದರೆ ಕೆಲಸ ಹೋಗುತ್ತದೆ. ನೋಡಿ, ಹೋಯಿತಲ್ಲ.

ಅವಳು ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆ ತಪ್ಪು ನನಗೆ ಚೆನ್ನಾಗಿ ಗೊತ್ತು, ನಾನೂ ಮಾಡಿದ್ದೇನೆ. ಮನೆ ಕೆಲಸಕ್ಕೆ ಇಳಿದ ಹೊಸತು. ಒಬ್ಬ ಅಜ್ಜಿ, ಪಾರ್ಶ್ವವಾಯು ಹೊಡೆದು ಬಲಗಡೆ ಸ್ವಾಧೀನ ಇರಲಿಲ್ಲ. ಕಮೋಡ್ ಕುರ್ಚಿಗೆ ಎರಡು ಬ್ರೇಕ್ ಇತ್ತು, ನಾನು ಒಂದೇ ಹಾಕಿದ್ದೆ. ಅಜ್ಜಿಯನ್ನು ಕೂರಿಸುವಾಗ ಕುರ್ಚಿ ಒಂದು ಗೇಣು ಹಿಂದಕ್ಕೆ ಹೋಯಿತು. ಅಜ್ಜಿ ನನ್ನ ತೋಳಿನಿಂದ ಜಾರಿ ನೆಲಕ್ಕೆ ಕೂತುಬಿಟ್ಟರು. 'ನೋವಾಯ್ತಾ ಅಜ್ಜಿ?' ಅಂದೆ. 'ಇಲ್ಲ' ಅಂದರು. ಸೊಸೆ ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದರು, ಕಾವಲಿಯ ಚುಂಯ್ ಸದ್ದಿಗೆ ಅವರಿಗೆ ಏನೂ ಕೇಳಿಸಲಿಲ್ಲ. ಎತ್ತಿ ಮಲಗಿಸಿದೆ, ಸೀರೆ ಬದಲಾಯಿಸಿದೆ, ಸುಮ್ಮನಾದೆ.

ಮರುದಿನ ಬೆಳಿಗ್ಗೆ ಹೊದಿಕೆ ತೆಗೆದಾಗ ಬಲಗಾಲಿನ ಪಾದ ಹೊರಗಡೆಗೆ ತಿರುಗಿ ಮಲಗಿತ್ತು. ಎರಡೂ ಹಿಮ್ಮಡಿ ಜೋಡಿಸಿ ನೋಡಿದರೆ ಬಲಗಾಲು ಅರ್ಧ ಅಂಗುಲ ಗಿಡ್ಡ. ವಾರ್ಡಿನಲ್ಲಿ ಅದನ್ನು ನೂರು ಸಲ ನೋಡಿದ್ದೆ. ಸೊಂಟದ ಕೀಲಿನ ಹತ್ತಿರ ತೊಡೆ ಮೂಳೆ ಮುರಿದರೆ ಕಾಲು ಹೀಗೇ ಕಾಣುತ್ತದೆ. ಆ ಕಾಲಿಗೆ ಸ್ಪರ್ಶವೇ ಕಮ್ಮಿ ಇದ್ದಿದ್ದರಿಂದ ಅಜ್ಜಿ ನೋವಿಲ್ಲ ಅಂದಿದ್ದರು. ನಾನು ಅಷ್ಟಕ್ಕೇ ತೃಪ್ತಳಾಗಿದ್ದೆ. ಆಗ ಹೋಗಿ ಹೇಳಿದೆ. ದೊಡ್ಡ ಮಗ ಬೈಯಲಿಲ್ಲ. 'ನಿನ್ನೆಯೇ ಹೇಳಿದ್ದರೆ ಅಮ್ಮನಿಗೆ ಒಂದು ರಾತ್ರಿಯ ನರಳಾಟ ತಪ್ಪುತ್ತಿತ್ತಲ್ಲ ಸಿಸ್ಟರ್' ಅಂದರು, ಅಷ್ಟೇ. ಆವತ್ತಿನಿಂದ ಬ್ರೇಕ್ ಹಾಕಿದ ಮೇಲೆ ಕುರ್ಚಿಯನ್ನು ಮೊಣಕಾಲಿನಿಂದ ಒಂದು ಸಲ ತಳ್ಳಿ ನೋಡದೆ ಯಾರನ್ನೂ ಕೂರಿಸಿಲ್ಲ.

ಈಗ ನಿಮ್ಮ ಅಪ್ಪನ ವಿಷಯ. ಮೊದಲು ಕೇಳಬೇಕಾದ್ದು ತಲೆಗೆ ಪೆಟ್ಟಾಗಿತ್ತಾ ಅಂತ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯು ಆದವರು ಸಾಮಾನ್ಯವಾಗಿ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಾರೆ. ಆಸ್ಪಿರಿನ್, ಕ್ಲೊಪಿಡೋಗ್ರೆಲ್, ವಾರ್ಫರಿನ್, ಹೀಗೆ. ಅಂಥವರು ತಲೆ ಬಡಿದುಕೊಂಡರೆ ಎದ್ದು ಕಾಫಿ ಕುಡಿಯುತ್ತಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ತಲೆಯೊಳಗೆ ರಕ್ತ ನಿಧಾನವಾಗಿ ಜಿನುಗಿ, ದಿನಗಟ್ಟಲೆ ಬಿಟ್ಟು ಮಂಕು ಹಿಡಿಯಬಹುದು. ಬಿದ್ದ ಮೇಲೆ ವಾಂತಿ, ತೂಕಡಿಕೆ, ತೊದಲು, ಹಿಂದೆ ಇಲ್ಲದ ತಲೆನೋವು, ಇವುಗಳಲ್ಲಿ ಒಂದು ಕಂಡರೂ ತಡಮಾಡಬೇಡಿ. ಎರಡು ದಿನ ಮುಚ್ಚಿಟ್ಟಿದ್ದರಲ್ಲಿ ನನಗೆ ಭಯ ಆಗಿದ್ದು ಮಣಿಕಟ್ಟಿನ ಬಿರುಕಿಗಲ್ಲ, ಇದಕ್ಕೆ.

ಆಮೇಲೆ ಯಾಕೆ ಬಿದ್ದರು ಅಂತ ಹುಡುಕಿ. 'ಕಾಲು ಜಾರಿತು' ಅಂತ ಎಲ್ಲರೂ ಹೇಳುತ್ತಾರೆ. ಬೆಳಗಿನ ಜಾವ ಮೂತ್ರಕ್ಕೆ ಅವಸರವಾಗಿ ಎದ್ದಾಗ ಬಿಪಿ ದಢಕ್ಕನೆ ಇಳಿದಿರಬಹುದು. ಡಾಕ್ಟರಿಗೆ ಹೇಳಿ ಮಲಗಿದಾಗ ಒಂದು ಸಲ, ನಿಂತ ಮೇಲೆ ಒಂದು ಸಲ ಬಿಪಿ ನೋಡಿಸಿ. ಮೂತ್ರ ಹೋಗುವ ಮಾತ್ರೆ ಇದ್ದರೆ ಅದು ಯಾವ ಹೊತ್ತಿನಲ್ಲಿ ಬೀಳುತ್ತಿದೆ ಅಂತಲೂ ಕೇಳಿ.

ಆಮೇಲೆ ಹಾಸನಕ್ಕೆ ಹೋಗಿ ಆ ಬಚ್ಚಲನ್ನು ನೀವೇ ನೋಡಿ. ರಾತ್ರಿ ನೋಡಿ, ಹಗಲಲ್ಲ. ಜೀರೋ ಬಲ್ಬ್ ಇದೆಯಾ? ಬಾಗಿಲ ಮುಂದೆ ಜಾರುವ ಕಾಲೊರೆಸು ಇದೆಯಾ? ಅಪ್ಪ ತೇದು ನುಣುಪಾದ ಹವಾಯಿ ಚಪ್ಪಲಿ ಹಾಕುತ್ತಾರಾ? ಪಂಚೆ ನೆಲ ಗುಡಿಸುತ್ತದಾ? ಇನ್ನೊಂದು, ಯಾರೂ ಗಮನಿಸದ್ದು: ಬಚ್ಚಲ ಬಾಗಿಲು ಒಳಕ್ಕೆ ತೆರೆಯುತ್ತದಾ? ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡ ಬಿದ್ದಿರುತ್ತದೆ. ಹೊರಗಿನಿಂದ ತಳ್ಳಿದಷ್ಟೂ ಅವರಿಗೇ ಪೆಟ್ಟು. ಹೊರಕ್ಕೆ ತೆರೆಯುವ ಹಾಗೆ ಬಡಗಿ ಕೈಲಿ ಮಾಡಿಸಿ. ಒಳಗಿನ ಚಿಲಕ ತೆಗೆಸಿ. ಅಪ್ಪ ಸಂಕೋಚ ಪಟ್ಟರೆ ಒಂದು ಪರದೆ ಹಾಕಿ.

ಕೇಸ್ ಹಾಕಬಹುದು. ದುಡ್ಡು ಕೊಟ್ಟು ಪಡೆದ ಸೇವೆ ಆದ್ದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದ ಒಳಗೆ ದೂರು ಕೊಡಬಹುದು. ಒಪ್ಪಂದದ ಕಾಗದ, ದುಡ್ಡು ಕೊಟ್ಟ ರಸೀದಿ, ಎಕ್ಸ್‌ರೇ, ಆಸ್ಪತ್ರೆ ಬಿಲ್ ಎಲ್ಲ ಎತ್ತಿಡಿ. ಆದರೆ ಅದಕ್ಕಿಂತ ಮೊದಲು ಏಜೆನ್ಸಿಗೆ ಒಂದು ಪ್ರಶ್ನೆಯನ್ನು ಕಾಗದದಲ್ಲೇ ಕೇಳಿ: ರೋಗಿ ಬಿದ್ದರೆ ಎಷ್ಟು ಹೊತ್ತಿನಲ್ಲಿ, ಯಾರಿಗೆ ಹೇಳಬೇಕು ಅಂತ ಈ ಹುಡುಗಿಗೆ ಯಾವತ್ತು ಕಲಿಸಿದ್ದಿರಿ? ನಾವೆಲ್ಲ 'ಹೋಮ್ ನರ್ಸ್' ಅಂತ ಕರೆಯುವವರಲ್ಲಿ ತುಂಬಾ ಜನ ನರ್ಸಿಂಗ್ ಓದಿದವರಲ್ಲ. ಕೆಲವು ದಿನ ತರಬೇತಿ ಕೊಟ್ಟು ಕಳಿಸಿರುತ್ತಾರೆ, ಕೆಲವು ಕಡೆ ಅದೂ ಇಲ್ಲ.

ಮುಂದೆ ಬರುವವಳಿಗೆ ಮೊದಲ ದಿನವೇ ಅಪ್ಪನ ಎದುರಲ್ಲೇ ಹೇಳಿ: 'ಏನೇ ಆದರೂ ಒಂದು ಗಂಟೆಯೊಳಗೆ ನನಗೆ ಫೋನ್ ಬರಬೇಕು. ಹೇಳಿದ್ದಕ್ಕೆ ಕೆಲಸದಿಂದ ತೆಗೆಯಲ್ಲ.' ಅಪ್ಪನಿಗೂ ಒಂದು ಮಾತು ಕೊಡಿ: 'ಬಿದ್ದಿರಿ ಅಂತ ಊರು ಬಿಡಿಸಲ್ಲ.' ಕೊಟ್ಟ ಮಾತು ಉಳಿಸಿಕೊಳ್ಳಿ.

ಪ್ರಶ್ನೆ: ಅಕ್ಕ, ನಾನು ಮೈಸೂರಿನಲ್ಲಿ ಹೋಮ್ ನರ್ಸ್ ಕೆಲಸ ಮಾಡುತ್ತೇನೆ. ಅಜ್ಜಿಗೆ ಇನ್ಸುಲಿನ್ ಕೊಟ್ಟು ಸೂಜಿಗೆ ಮುಚ್ಚಳ ಹಾಕುವಾಗ ನನ್ನ ಹೆಬ್ಬೆರಳಿಗೆ ಚುಚ್ಚಿತು. ರಕ್ತ ಬಂತು. ಏಜೆನ್ಸಿಯವರು 'ಡೆಟಾಲ್ ಹಚ್ಚಿಕೋ, ಇನ್ಸುಲಿನ್ ಸೂಜಿ ಅಲ್ವಾ, ಏನಾಗಲ್ಲ' ಅಂದರು. ನಾಲ್ಕು ದಿನ ಆಯಿತು. ನಿದ್ದೆ ಬರುತ್ತಿಲ್ಲ.
— ಓದುಗಿ, ಮೈಸೂರು

ಉತ್ತರ: ಮೊದಲು ಧೈರ್ಯ ತಂದುಕೋ ತಂಗಿ. ಒಂದು ಸಲ ಚುಚ್ಚಿದ್ದಕ್ಕೆ ರೋಗ ಅಂಟುವುದು ಅಪರೂಪ. ಆದರೆ 'ಏನಾಗಲ್ಲ' ಅಂತ ಫೋನಿನಲ್ಲಿ ಹೇಳಿದ್ದು ತಪ್ಪು. ಸೂಜಿ ಇನ್ಸುಲಿನ್ನಿನದಾದರೂ ಅದು ಹೊಕ್ಕು ಬಂದದ್ದು ಇನ್ನೊಬ್ಬರ ಚರ್ಮದೊಳಗೆ.

ಈ ಕೆಲಸ ಮಾಡುವ ಎಲ್ಲರೂ ಇದನ್ನು ಕತ್ತರಿಸಿ ಇಟ್ಟುಕೊಳ್ಳಲಿ. ಸೂಜಿ ಚುಚ್ಚಿದ ಕೂಡಲೇ ನಲ್ಲಿ ನೀರು ಬಿಟ್ಟು ಸೋಪಿನಿಂದ ತೊಳೆಯಬೇಕು. ಹಿಂಡಬಾರದು, ಬಾಯಲ್ಲಿ ಚೀಪಬಾರದು, ಡೆಟಾಲ್, ಸ್ಪಿರಿಟ್ ಸುರಿಯಬಾರದು. ಆಮೇಲೆ ನೇರ ದೊಡ್ಡ ಸರ್ಕಾರಿ ಆಸ್ಪತ್ರೆಗೆ. ನಿಮ್ಮೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ. ಎಚ್‌ಐವಿ ತಡೆಯುವ ಮಾತ್ರೆಯನ್ನು ಸಾಧ್ಯವಾದರೆ 2 ಗಂಟೆಯೊಳಗೆ, ತಡ ಅಂದರೆ 72 ಗಂಟೆಯೊಳಗೆ ಶುರು ಮಾಡಬೇಕು. 28 ದಿನ ನುಂಗಬೇಕು. ಬೇಕೋ ಬೇಡವೋ ಅನ್ನುವುದನ್ನು ಡಾಕ್ಟರ್ ಹೇಳುತ್ತಾರೆ, ಏಜೆನ್ಸಿ ಮ್ಯಾನೇಜರ್ ಅಲ್ಲ.

ನಿನಗೆ ಆ 72 ಗಂಟೆ ದಾಟಿದೆ. ಆದರೂ ಇವತ್ತೇ ಹೋಗು. ಎಚ್‌ಐವಿ, ಲಿವರಿಗೆ ತಗುಲುವ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮೂರಕ್ಕೂ ರಕ್ತ ಪರೀಕ್ಷೆ ಮಾಡಿಸು. ಆಮೇಲೆ ಮತ್ತೆ ಯಾವಾಗ ಬರಬೇಕು ಅಂತ ಕೇಳಿ ಬರೆದುಕೋ. ಅಜ್ಜಿ ಒಪ್ಪಿದರೆ ಅವರ ರಕ್ತವನ್ನೂ ನೋಡಬಹುದು. ಅವರಲ್ಲಿ ಏನೂ ಇಲ್ಲ ಅಂತ ಬಂದರೆ ನಿನ್ನ ಅರ್ಧ ಭಾರ ಇಳಿಯುತ್ತದೆ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿದ್ದೀಯಾ? ಮೂರು ಡೋಸ್. ಮೊದಲನೆಯದು ಹಾಕಿಸಿಕೊಂಡು ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಈ ಕೆಲಸಕ್ಕೆ ಇಳಿಯುವ ಮೊದಲೇ ಏಜೆನ್ಸಿ ಹಾಕಿಸಬೇಕಿತ್ತು.

ಸೂಜಿಗೆ ಮತ್ತೆ ಮುಚ್ಚಳ ಹಾಕುವುದೇ ಇದಕ್ಕೆಲ್ಲ ಮೂಲ. ಫಿನೈಲ್ ಖಾಲಿಯಾದ ಗಟ್ಟಿ ಪ್ಲಾಸ್ಟಿಕ್ ಬಾಟಲಿಯನ್ನು ತೊಳೆದು ಇಟ್ಟುಕೋ. ಇಂಜೆಕ್ಷನ್ ಕೊಡುವ ಮೊದಲೇ ಅದರ ಮುಚ್ಚಳ ತೆಗೆದು ಪಕ್ಕದಲ್ಲಿಡು, ಕೊಟ್ಟ ಕೈಯಲ್ಲೇ ಸೂಜಿ ಸಮೇತ ಸಿರಿಂಜ್ ಅದರೊಳಗೆ. ಮುಕ್ಕಾಲು ತುಂಬಿದ ಮೇಲೆ ಬಿಗಿಯಾಗಿ ಮುಚ್ಚಿ, ಮೇಲೆ 'ಸೂಜಿ' ಅಂತ ಬರೆದು ಬೇರೆಯಾಗಿ ಕೊಡು. ಸುಮ್ನೆ ಕಸದ ಚೀಲಕ್ಕೆ ಎಸೆದರೆ ನಾಳೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಅವರಿಗೆ ಅದು ಯಾರ ಸೂಜಿ ಅಂತಲೂ ಗೊತ್ತಾಗಲ್ಲ.

ಖರ್ಚಿನ ವಿಷಯ. ನಿಮ್ಮ ಏಜೆನ್ಸಿಯಲ್ಲಿ 10 ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದು, ನಿನ್ನ ಸಂಬಳ ತಿಂಗಳಿಗೆ 21,000 ರೂಪಾಯಿ ಮೀರದಿದ್ದರೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಮಾಡಿಸಿರಬೇಕು. ಕೆಲಸದಲ್ಲಿ ಆದ ಗಾಯಕ್ಕೆ ಸೇರಿದ ಮೊದಲ ದಿನದಿಂದಲೇ ಇಎಸ್‌ಐ ಅನ್ವಯಿಸುತ್ತದೆ. 'ನಾವು ಬರೀ ಮಧ್ಯವರ್ತಿ, ನೀನು ನಮ್ಮ ನೌಕರಳಲ್ಲ' ಅನ್ನುವ ಏಜೆನ್ಸಿಗಳೂ ಇವೆ. ಸಂಬಳ ಯಾರ ಖಾತೆಯಿಂದ ಬರುತ್ತದೆ, ರಜೆ ಯಾರು ಕೊಡುತ್ತಾರೆ, ಯೂನಿಫಾರ್ಮ್ ಯಾರದು ಅನ್ನುವುದನ್ನೆಲ್ಲ ಬರೆದಿಟ್ಟುಕೊಂಡು ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಕೇಳು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ, ಅದನ್ನೂ ಮಾಡಿಸು. ಅಪಘಾತದಲ್ಲಿ ಜೀವ ಹೋದರೆ ಅಥವಾ ಪೂರ್ತಿ ಅಂಗವಿಕಲತೆ ಆದರೆ 2 ಲಕ್ಷ ಸಿಗುತ್ತದೆ. ಸೂಜಿ ಚುಚ್ಚಿದ್ದಕ್ಕೆಲ್ಲ ಅದು ಬರಲ್ಲ, ಗೊತ್ತಿರಲಿ.

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ ಸಣ್ಣ ಏಜೆನ್ಸಿ. 18 ಜನ ಹೆಣ್ಣುಮಕ್ಕಳು ಇದ್ದಾರೆ. ಎಲ್ಲರಿಗೂ ಡೈರಿ ಕೊಟ್ಟಿದ್ದೇನೆ. ಏನಾದರೂ ಅವಘಡ ಆದರೆ 500 ರೂಪಾಯಿ ದಂಡ ಅಂತ ಎಂಟು ತಿಂಗಳ ಹಿಂದೆ ನಿಯಮ ಮಾಡಿದೆ. ಆಮೇಲೆ ಡೈರಿಯಲ್ಲಿ ಒಂದೂ ಅವಘಡ ಇಲ್ಲ. ಆದರೆ ಮನೆಯವರಿಂದ ದೂರು ಮಾತ್ರ ಬರುತ್ತಲೇ ಇದೆ. ಡೈರಿ ಹೇಗೆ ಬರೆಸಬೇಕು?
— ಓದುಗರು, ಹುಬ್ಬಳ್ಳಿ

ಉತ್ತರ: ಕಾಗದ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. 18 ಜನ, ಎಂಟು ತಿಂಗಳು, ಒಂದೂ ಅವಘಡ ಇಲ್ಲ ಅಂದರೆ ನಿಮ್ಮ ಹೆಣ್ಣುಮಕ್ಕಳು ದೇವತೆಗಳಾಗಿರಬೇಕು, ಇಲ್ಲಾ ಡೈರಿ ಸುಳ್ಳು ಹೇಳುತ್ತಿರಬೇಕು. ದಂಡ ಬಿದ್ದಿದ್ದು ಅವಘಡಕ್ಕಲ್ಲ ಸ್ವಾಮಿ, ಹೇಳಿದ್ದಕ್ಕೆ. ಹೇಳದವಳ 500 ಉಳಿಯಿತು. ಮೊದಲು ಆ ನಿಯಮ ತೆಗೆಯಿರಿ. ತೆಗೆದಿದ್ದೇನೆ ಅಂತ ಎಲ್ಲರನ್ನೂ ಕೂರಿಸಿಕೊಂಡು ಹೇಳಿ. ಇಲ್ಲಿವರೆಗೆ ಯಾರದ್ದಾದರೂ ಹಿಡಿದಿದ್ದರೆ ವಾಪಸ್ ಕೊಡಿ. ದುಡ್ಡು ಕೈಗೆ ಬಂದರೇ ಅವರು ನಂಬೋದು.

ಈಗ ಡೈರಿ. ನಾನು ಮೇಲ್ವಿಚಾರಣೆ ಮಾಡುತ್ತಿದ್ದಾಗ ಒಬ್ಬಳು ಬರೆದಿದ್ದು ಹೀಗೆ: 'ರಾತ್ರಿ ಪೇಷೆಂಟ್ ಸ್ವಲ್ಪ ಜಾರಿದರು. ಈಗ ಚೆನ್ನಾಗಿದ್ದಾರೆ.' ಇದನ್ನು ಓದಿ ಡಾಕ್ಟರ್ ಏನು ಮಾಡಬೇಕು? ಅವಳನ್ನೇ ಕೂರಿಸಿಕೊಂಡು ಒಂದೊಂದೇ ಕೇಳುತ್ತಾ ಮತ್ತೆ ಬರೆಸಿದೆ. ಆಗ ಬಂದದ್ದು ಇದು:

'ಬೆಳಗಿನ ಜಾವ 4.10. ದಡ್ ಅಂತ ಸದ್ದು ಕೇಳಿ ಎದ್ದೆ. ಅಜ್ಜಿ ಮಂಚದ ಎಡಕ್ಕೆ ನೆಲದ ಮೇಲೆ ಎಡ ಮಗ್ಗುಲಾಗಿ ಇದ್ದರು. ಬೀಳುವುದನ್ನು ನಾನು ನೋಡಲಿಲ್ಲ. ಮಂಚದ ಕಂಬಿ ಇಳಿಸಿತ್ತು. ಮಾತಾಡಿದರು, ನನ್ನ ಹೆಸರು ಹೇಳಿದರು. ಎಡ ಹುಬ್ಬಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಊತ. ಕೈಕಾಲು ಆಡಿಸಿದರು. ಬಿಪಿ 150/90, ಶುಗರ್ 132. ಎತ್ತಲಿಲ್ಲ, ರಗ್ಗು ಹೊದಿಸಿದೆ. 4.15ಕ್ಕೆ ಸೊಸೆಯನ್ನು ಎಬ್ಬಿಸಿದೆ. 4.20ಕ್ಕೆ ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ರಕ್ತ ತೆಳುವಾಗುವ ಮಾತ್ರೆ ಇದೆ ಎಂದು ಹೇಳಿದೆ. 4.25ಕ್ಕೆ 108ಕ್ಕೆ ಫೋನ್.'

'ಬೀಳುವುದನ್ನು ನಾನು ನೋಡಲಿಲ್ಲ' ಅನ್ನುವ ವಾಕ್ಯ ನೋಡಿದಿರಾ? ಅದಕ್ಕೇ ಆ ಡೈರಿಗೆ ಬೆಲೆ. ನೋಡಿದ್ದನ್ನು ನೋಡಿದೆ ಅಂತ, ಕೇಳಿದ್ದನ್ನು ಕೇಳಿದೆ ಅಂತ ಬರೆಯಬೇಕು. 'ಅಜ್ಜಿ ಹಟ ಮಾಡಿ ಇಳಿದಿರಬೇಕು', 'ಸೊಸೆಗೆ ಕಾಳಜಿ ಇಲ್ಲ' ಇಂಥದ್ದೆಲ್ಲ ಬೇಡ. ಬರೆದದ್ದು ತಪ್ಪಾದರೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸಹಿ ಮಾಡಲಿ. ವೈಟ್ನರ್ ಮುಟ್ಟಬಾರದು, ಹಾಳೆ ಹರಿಯಬಾರದು. ಎಷ್ಟು ಓದಿದವರೋ ಅಷ್ಟೇ ಭಾಷೆ ಸಾಕು. ಬರೆಯಲು ಬಾರದವರು ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಿ ಕಳಿಸಲಿ, ನಿಮ್ಮ ಆಫೀಸಿನಲ್ಲಿ ಅದನ್ನು ಕೇಳಿ ಬರೆದುಕೊಳ್ಳಿ.

ಇನ್ನೊಂದು ಪುಟ ತೆಗೆದಿಡಿ. ಅದಕ್ಕೆ ನಾವು 'ಸ್ವಲ್ಪದರಲ್ಲಿ ತಪ್ಪಿತು' ಪುಟ ಅನ್ನುತ್ತಿದ್ದೆವು. ಬೀಳುವ ಹಾಗೆ ಆಯಿತು, ಹಿಡಿದುಕೊಂಡೆ. ಬೇರೆಯವರ ಮಾತ್ರೆ ಕೈಗೆ ಬಂದಿತ್ತು, ಹೆಸರು ನೋಡಿ ವಾಪಸ್ ಇಟ್ಟೆ. ಇಂಥವನ್ನು ಬರೆದವಳಿಗೆ ತಿಂಗಳ ಕೊನೆಗೆ ಎಲ್ಲರೆದುರು ಶಹಬ್ಬಾಸ್ ಹೇಳಿ. ಒಂದು ತಿಂಗಳು ಮೂರು ಮನೆಯ ಪುಟದಲ್ಲಿ ಒಂದೇ ಕಂಪನಿಯ ವಾಕರ್ ಕಾಲಿನ ರಬ್ಬರ್ ಸವೆದ ಮಾತು ಬಂತು. ಹೊಸ ರಬ್ಬರ್ ತಂದು ಹಾಕಿಸಿದೆವು. ಬಿದ್ದ ಮೇಲೆ ತಿಳಿಯುವುದಕ್ಕಿಂತ ಅದು ಅಗ್ಗ.

ಪ್ರಶ್ನೆ: ಮಾವನಿಗೆ ಬೆಳಿಗ್ಗೆ 20 ಯೂನಿಟ್ ಇನ್ಸುಲಿನ್. ಅದೇ ಹುಡುಗಿ ಎರಡು ವರ್ಷದಿಂದ ಕೊಡುತ್ತಿದ್ದಾಳೆ. ಹೋದ ವಾರ ಹೊಸ ಬಾಟಲಿ ತಂದ ದಿನವೇ ಮಧ್ಯಾಹ್ನಕ್ಕೆ ಮೈಯೆಲ್ಲ ಬೆವರಿ ಮಂಕಾದರು. ಶುಗರ್ 48. 'ಯಾವಾಗಿನ ಹಾಗೆ 20ರ ಗೆರೆಗೇ ಎಳೆದೆ' ಅಂತ ಅಳುತ್ತಾಳೆ. ಸುಳ್ಳು ಹೇಳುತ್ತಿದ್ದಾಳಾ?
— ಓದುಗರು, ಶಿವಮೊಗ್ಗ

ಉತ್ತರ: ಅವಳು ನಿಜವನ್ನೇ ಹೇಳುತ್ತಿರಬಹುದು. ಹೊಸ ಬಾಟಲಿ ಕೈಗೆ ತಗೊಂಡು ಸಣ್ಣ ಅಕ್ಷರ ಓದಿ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕೆಲವು ಇನ್ಸುಲಿನ್ ಒಂದು ಎಂಎಲ್‌ಗೆ 100 ಯೂನಿಟ್ ಬರುತ್ತದೆ. ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಎರಡೂವರೆ ಪಟ್ಟು! ಬಾಟಲಿಯನ್ನು ಎಸೆಯದೆ ಡಾಕ್ಟರಿಗೆ ತೋರಿಸಿ. ಬಾಟಲಿ ತಂದವರು ಯಾರು, ಅಂಗಡಿಯವರು ಬದಲಿಸಿ ಕೊಟ್ಟರಾ, ಚೀಟಿಯಲ್ಲಿ ಏನಿತ್ತು ಅಂತಲೂ ನೋಡಿ. ಅಳುವ ಹುಡುಗಿ ಒಬ್ಬಳೇ ಇದಕ್ಕೆ ಹೊಣೆ ಅಂತ ನನಗನ್ನಿಸಲ್ಲ.

ಶುಗರ್ 70ಕ್ಕಿಂತ ಕೆಳಗೆ ಇಳಿದು, ಎಚ್ಚರ ಇದ್ದು ನುಂಗಲು ಆಗುವ ಹಾಗಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಇನ್ಸುಲಿನ್ ಜಾಸ್ತಿ ಹೋಗಿದೆ ಅಂತ ಗೊತ್ತಾದರೆ ಶುಗರ್ ಒಮ್ಮೆ ಸರಿಯಾಯಿತು ಅಂತ ಬಿಡಬೇಡಿ. ಅದು ಗಂಟೆಗಟ್ಟಲೆ ಕೆಲಸ ಮಾಡುತ್ತಿರುತ್ತದೆ, ಮತ್ತೆ ಇಳಿಯಬಹುದು. ಆಸ್ಪತ್ರೆಯಲ್ಲೇ ಇರಲಿ.

ಪ್ರಶ್ನೆ: ಅಮ್ಮನಿಗೆ ಆಕ್ಸಿಜನ್ ಮೆಷಿನ್ ಇಟ್ಟಿದ್ದೇವೆ. ಅವರ ಮಂಚ ದೇವರ ಕೋಣೆ ಬಾಗಿಲಲ್ಲೇ ಇದೆ, ದೀಪ ಕಾಣಬೇಕು ಅಂತ ಅವರ ಆಸೆ. ಪರವಾಗಿಲ್ಲವಾ?
— ಓದುಗರು, ಉಡುಪಿ

ಉತ್ತರ: ಪರವಾಗಿಲ್ಲ ಅನ್ನಲಾರೆ. ಆಕ್ಸಿಜನ್ ತಾನು ಉರಿಯಲ್ಲ, ಆದರೆ ಅದು ತುಂಬಿಕೊಂಡ ಸೀರೆ, ಹೊದಿಕೆಗೆ ಒಂದು ಕಿಡಿ ತಗುಲಿದರೂ ಭಗ್ಗನೆ ಹತ್ತುತ್ತದೆ. ದೀಪ, ಊದಿನಕಡ್ಡಿ, ಕರ್ಪೂರ, ಸಾಂಬ್ರಾಣಿ ಎಲ್ಲ ಹತ್ತು ಅಡಿ ಆಚೆ ಇರಲಿ. ಮಂಗಳಾರತಿ ತಟ್ಟೆ ಅಮ್ಮನ ಮುಖದ ಹತ್ತಿರ ಬರಲೇಬಾರದು. ಮೂಗು ಒಣಗುತ್ತದೆ ಅಂತ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಬೇಡಿ, ನೀರಿನ ಅಂಶದ ಜೆಲ್ ಕೇಳಿ ತನ್ನಿ. ಮೆಷಿನ್ ಆಫ್ ಮಾಡದೆ ಕೊಳವೆಯನ್ನು ಹಾಸಿಗೆ ಮೇಲೆ ಇಟ್ಟು ಹೋಗಬೇಡಿ. ಅಮ್ಮನಿಗೆ ದೀಪ ಕಾಣಬೇಕಲ್ವಾ? ಬ್ಯಾಟರಿಯ ದೀಪ ಬಂದಿದೆ. ನಮ್ಮ ಪಕ್ಕದ ಮನೆಯ ಅಜ್ಜಿ ಮೊದಲ ದಿನ ಅದನ್ನು ನೋಡಿ ಮುಖ ತಿರುಗಿಸಿದರು, ಈಗ ಅದನ್ನು ಆರಿಸಲು ಬಿಡಲ್ಲ.

ಪ್ರಶ್ನೆ: ನಾನು ರಾಯಚೂರು ಕಡೆಯವಳು, ಬೆಂಗಳೂರಿನ ಒಂದು ಮನೆಯಲ್ಲಿ 24 ಗಂಟೆ ಡ್ಯೂಟಿ. ತಾತನಿಗೆ ಮರೆವಿನ ಕಾಯಿಲೆ. ಸ್ನಾನ ಮಾಡಿಸುವಾಗ ನನ್ನ ಕೈ ಕಚ್ಚಿದರು. 'ಅವರಿಗೆ ಗೊತ್ತಾಗಲ್ಲ ಬಿಡಮ್ಮ' ಅಂದರು ಮನೆಯವರು. ಇನ್ನೊಂದು ವಿಷಯ ಹೇಳಲು ನಾಚಿಕೆ. ಅವರ ಮಗ ರಾತ್ರಿ ಬಾಗಿಲು ತಟ್ಟದೆ ನಾನು ಮಲಗುವ ರೂಮಿಗೆ ಬರುತ್ತಾನೆ.
— ಹೆಸರು ಬೇಡ

ಉತ್ತರ: ಮಗಳೇ, ಎರಡೂ ಬೇರೆ ಬೇರೆ ವಿಷಯ. ಒಂದಕ್ಕೊಂದು ಸೇರಿಸಬೇಡ.

ತಾತ ಕಚ್ಚಿದ್ದು ಕಾಯಿಲೆಯಿಂದ, ನಿಜ. ಆದರೂ ಗಾಯ ಗಾಯವೇ. ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಮನುಷ್ಯರು ಕಚ್ಚಿದ ಗಾಯ ಬೇಗ ಕೀವು ಕಟ್ಟುತ್ತದೆ. ಧನುರ್ವಾಯು ತಡೆಯುವ ಇಂಜೆಕ್ಷನ್ (ಟಿಟಿ) ಬೇಕಾಗಬಹುದು. ಖರ್ಚು ನಿನ್ನದಲ್ಲ. ಡೈರಿಯಲ್ಲೂ ಬರೆ. ಸ್ನಾನಕ್ಕೆ ಒಂದು ಉಪಾಯ: ಮೈಮೇಲಿನ ಬಟ್ಟೆ ಎಲ್ಲ ಒಟ್ಟಿಗೆ ತೆಗೆಯಬೇಡ, ಒಂದು ಟವೆಲ್ ಹೊದಿಸಿರು. ತಲೆಗೆ ಮೊದಲು ನೀರು ಹಾಕಬೇಡ. ಪಾದದಿಂದ ಶುರು ಮಾಡಿ, 'ಈಗ ಕಾಲು ತೊಳೀತೀನಿ ತಾತ' ಅಂತ ಹೇಳುತ್ತಾ ಮೇಲಕ್ಕೆ ಬಾ. ಚೊಂಬು ಅವರ ಕೈಗೇ ಕೊಡು. ಎಷ್ಟೋ ಜನರಿಗೆ ಕೋಪ ಅಲ್ಲ, ಭಯ. ಯಾರೋ ಬಟ್ಟೆ ಬಿಚ್ಚುತ್ತಿದ್ದಾರೆ ಅಂತಷ್ಟೇ ಅವರಿಗೆ ತಿಳಿಯುವುದು. ಒಂದು ದಿನ ಬೇಡವೇ ಬೇಡ ಅಂದರೆ ಮೈ ಒರೆಸಿಬಿಡು.

ಮಗನಿಗೆ ಯಾವ ಕಾಯಿಲೆಯೂ ಇಲ್ಲ. ಇವತ್ತು ರಾತ್ರಿಯಿಂದಲೇ ಒಳಗಿನಿಂದ ಚಿಲಕ ಹಾಕಿಕೋ. ತಾತ ಕರೆದರೆ ಕೇಳಿಸಬೇಕಲ್ಲ ಅಂದರೆ ನೂರಿನ್ನೂರು ರೂಪಾಯಿಯ ವೈರ್‌ಲೆಸ್ ಬೆಲ್ ಮನೆಯವರೇ ತರಲಿ. ಚಿಲಕ ಇಲ್ಲದ ರೂಮಾದರೆ ಆ ಮನೆಯಲ್ಲಿ ರಾತ್ರಿ ಇರಬೇಡ. ಏಜೆನ್ಸಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸು, ತಾರೀಕು, ಹೊತ್ತು ಹಾಕು. ಬರೀ ಫೋನಿನಲ್ಲಿ ಹೇಳಿದರೆ ನಾಳೆ 'ಹೇಳೇ ಇಲ್ಲ' ಅನ್ನುತ್ತಾರೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನಲ್ಲಿ ಮನೆಯೂ ಕೆಲಸದ ಜಾಗವೇ. 10 ಜನ ಇರುವ ಏಜೆನ್ಸಿಯಲ್ಲಿ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಜಿಲ್ಲೆಗೊಂದು ಸ್ಥಳೀಯ ಸಮಿತಿಯೂ ಇದೆ, ಎಲ್ಲಿದೆ ಅಂತ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ. ದೂರು 3 ತಿಂಗಳ ಒಳಗೆ ಕೊಡಬೇಕು. ಆ ಕ್ಷಣಕ್ಕೆ ಹೆದರಿಕೆ ಆದರೆ 112, ಇಲ್ಲಾ ಮಹಿಳಾ ಸಹಾಯವಾಣಿ 181.

ತಾತನನ್ನು ನಡುನೀರಿನಲ್ಲಿ ಬಿಟ್ಟು ಹೋದ ಹಾಗಾಗುತ್ತದೆ ಅಂತ ಕಾಗದದ ಕೊನೆಗೆ ಬರೆದಿದ್ದೀಯ. ಆ ಜಾಗಕ್ಕೆ ಗಂಡು ಅಟೆಂಡರ್‌ನನ್ನು ಕಳಿಸಿ ಅಂತ ಏಜೆನ್ಸಿಗೆ ಹೇಳು. ಅವನು ಬರುವವರೆಗೆ ತಾತನಿಗೆ ಊಟ, ಮಾತ್ರೆ ಯಾವ ಹೊತ್ತಿಗೆ ಏನು ಅಂತ ಒಂದು ಹಾಳೆಯಲ್ಲಿ ಬರೆದಿಡು. ಚೊಂಬಿನ ವಿಷಯವನ್ನೂ ಅದರಲ್ಲಿ ಬರೆ.